ಕ್ಯಾನ್ಸರ್ ಸಂಶೋಧನೆಗೆ ಪೈಲಟ್ ಗ್ರಾಂಟ್: ಬೆಂಗಳೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮೆಡಿಕಲ್ ಕಾಲೇಜುಗಳಿಗೆ ಹೊಸದಾಗಿ ಸೇರಿದ ಅಧ್ಯಾಪಕರು, ಪೋಸ್ಟ್‌ಡಾಕ್ ಮುಗಿಸಿ ಸ್ವಂತ ಲ್ಯಾಬ್ ಹೂಡಲು ಹೊರಟವರು, ಆಸ್ಪತ್ರೆಯ ಕೆಲಸದ ನಡುವೆಯೇ ಸಂಶೋಧನೆಗೆ ಕೈ ಹಾಕಿದ ವೈದ್ಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬಿಟ್ಟಿದ್ದೇವೆ. ಯೋಜನೆಗಳ ಮೊತ್ತ, ವಯೋಮಿತಿ, ದಿನಾಂಕಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ಮುನ್ನ ಆಯಾ ಸಲದ ಪ್ರಕಟಣೆಯನ್ನು ಪೂರ್ತಿ ಓದಿ.

## ಮೊದಲು ಕೇಳುವಂಥವು

ಪೈಲಟ್ ಗ್ರಾಂಟ್ ಅಂದ್ರೆ ಚಿಕ್ಕ ಪ್ರಾಜೆಕ್ಟ್‌ಗೆ ಕೊಡೋ ಚಿಕ್ಕ ದುಡ್ಡು, ಅಷ್ಟೇ ತಾನೇ?

ಅಲ್ಲ. ದೊಡ್ಡ ಅರ್ಜಿ ಬರೆಯಲು ಕೂತಾಗ ಕೈಯಲ್ಲಿ ಇಲ್ಲದ ಒಂದು ಸಂಖ್ಯೆ ಇರುತ್ತದಲ್ಲ, ಅದನ್ನು ಸಂಪಾದಿಸಲು ಕೊಡುವ ಹಣ ಇದು. ತಿಂಗಳಿಗೆ ಎಷ್ಟು ರೋಗಿಗಳು ಒಪ್ಪುತ್ತಾರೆ? ಬಯಾಪ್ಸಿ ಬ್ಲಾಕಿನಿಂದ (ಮೇಣದಲ್ಲಿ ಹುದುಗಿಸಿಟ್ಟ ಅಂಗಾಂಶದ ತುಣುಕು) ಪರೀಕ್ಷೆಗೆ ಸಾಲುವಷ್ಟು ಡಿಎನ್‌ಎ ಬರುತ್ತದೆಯೆ? ಒಂದೇ ಸ್ಯಾಂಪಲನ್ನು ಎರಡು ಸಲ ಅಳೆದರೆ ಎಷ್ಟು ಏರುಪೇರಾಗುತ್ತದೆ? ಪೈಲಟ್ ಕೇಳಬೇಕಾದದ್ದು ಇಂಥ ಪ್ರಶ್ನೆಗಳನ್ನು. 600 ರೋಗಿಗಳ ಅಧ್ಯಯನವನ್ನು 60ಕ್ಕೆ ಕತ್ತರಿಸಿ "ಪೈಲಟ್" ಎಂದು ಹೆಸರಿಟ್ಟ ಅರ್ಜಿಗಳು ರಾಶಿಗಟ್ಟಲೆ ಬರುತ್ತವೆ. ಔಷಧ ಫಲ ಕೊಟ್ಟಿತೇ ಎಂದು ಹೇಳಲು 60 ಜನ ಸಾಲುವುದಿಲ್ಲ. ದೊಡ್ಡ ಅಧ್ಯಯನ ನಡೆಸಲು ಸಾಧ್ಯವೇ ಎಂಬುದನ್ನು ಆ ಅರ್ಜಿ ಕೇಳಿಯೇ ಇರುವುದಿಲ್ಲ. ಎರಡೂ ಕಡೆಯಿಂದ ಹೋಯಿತು.

"ಅರ್ಲಿ ಸ್ಟೇಜ್" ಅಂತಾರಲ್ಲ, ಅದು ಮೊದಲ ಹಂತದ ಕ್ಯಾನ್ಸರಾ, ಮೊದಲ ಹಂತದ ಸಂಶೋಧನೆಯಾ?

ಬಹುತೇಕ ಪ್ರಕಟಣೆಗಳಲ್ಲಿ ಸಂಶೋಧನೆಯ ಹಂತ. ಕೆಲವು ಕಡೆ ಸಂಶೋಧಕರ ವೃತ್ತಿಯ ಆರಂಭ ಎಂಬ ಅರ್ಥವೂ ಇದೆ. ನಾಲ್ಕನೇ ಹಂತದ ಕ್ಯಾನ್ಸರ್ ರೋಗಿಗಳ ಮೇಲಿನ ಹೊಸ ಆಲೋಚನೆಯೂ ಇದರಲ್ಲಿ ಸೇರುತ್ತದೆ.

ನನ್ನ ಹತ್ರ ಪ್ರಿಲಿಮಿನರಿ ಡೇಟಾನೇ ಇಲ್ಲ. ಅರ್ಜಿ ಹಾಕಬಹುದಾ?

ಹಾಕಬಹುದು. ಫಲಿತಾಂಶ ಇಲ್ಲದಿದ್ದರೆ ನಡೆಯುತ್ತದೆ, ಆದರೆ ಕೆಲಸ ನಿಮ್ಮಿಂದ ಆಗುತ್ತದೆ ಎನ್ನುವುದಕ್ಕೆ ಪುರಾವೆ ಬೇಕು. ನಿಮ್ಮ ಆಸ್ಪತ್ರೆಯ ಪೆಥಾಲಜಿ ರಿಜಿಸ್ಟರಿನಿಂದ ಹಿಂದಿನ 3 ವರ್ಷಗಳ ಸಂಖ್ಯೆ ತೆಗೆಯಿರಿ. ಅದರಲ್ಲಿ ನಿಮ್ಮ ಷರತ್ತುಗಳಿಗೆ ಹೊಂದುವವರು ಎಷ್ಟು ಎಂದು ಒಂದೊಂದಾಗಿ ಜರಡಿ ಹಿಡಿಯಿರಿ. ಬಾಯಿ ಕ್ಯಾನ್ಸರಿನ 200 ಕೇಸುಗಳಿವೆ ಎಂದು ಬರೆಯುವುದು ಸುಲಭ. ಮೊದಲೇ ಕೀಮೋ ಆದವರು, ಬೇರೆಡೆ ಬಯಾಪ್ಸಿ ಮಾಡಿಸಿ ಬಂದವರು, ಒಮ್ಮೆ ಬಂದು ಮತ್ತೆ ತಲೆ ಹಾಕದವರನ್ನೆಲ್ಲ ಕಳೆದ ಮೇಲೆ ಉಳಿಯುವ ಸಂಖ್ಯೆಯೇ ನಿಜವಾದದ್ದು. ಊರಿನ ಒಟ್ಟು ಚಿತ್ರ ಬೇಕಾದರೆ ಕಿದ್ವಾಯಿ ಸಂಸ್ಥೆ 1980ರ ದಶಕದ ಆರಂಭದಿಂದ ನಡೆಸುತ್ತಿರುವ ಬೆಂಗಳೂರು ಕ್ಯಾನ್ಸರ್ ನೋಂದಣಿಯ ವರದಿಗಳಿವೆ. ಅವನ್ನು ಒಟ್ಟುಗೂಡಿಸಿ ಪ್ರಕಟಿಸುವ, ಐಸಿಎಂಆರ್‌ನ (ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ) ರೋಗಮಾಹಿತಿ ಕೇಂದ್ರ ಎನ್‌ಸಿಡಿಐಆರ್ ಕೂಡ ಬೆಂಗಳೂರಿನಲ್ಲೇ ಇದೆ. ಆದರೆ ನೋಂದಣಿ ಊರಿನ ಲೆಕ್ಕ ಹೇಳುತ್ತದೆ, ನಿಮ್ಮ ಒಪಿಡಿಯದ್ದಲ್ಲ.

ದುಡ್ಡು ಯಾರು ಕೊಡ್ತಾರೆ? ಎಷ್ಟು?

ಮೊದಲ ಸಲವಾದರೆ ನಿಮ್ಮ ಸಂಸ್ಥೆಯದೇ ಸೀಡ್ ಹಣದ ಬಾಗಿಲು ತಟ್ಟಿ. ಮೊತ್ತ ಕಡಿಮೆ, ಆದರೆ ನಿರ್ಧಾರ ಬೇಗ ಆಗುತ್ತದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ಅಧೀನದ ಕಾಲೇಜುಗಳಿಗೆ ಸಂಶೋಧನಾ ಅನುದಾನ ಕೊಡುತ್ತದೆ. ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ವಿಷನ್ ಗ್ರೂಪ್‌ನಲ್ಲಿ ಯುವ ವಿಜ್ಞಾನಿಗಳಿಗೆಂದೇ ಯೋಜನೆಗಳಿವೆ.

ಮೇಲಿನ ಮೆಟ್ಟಿಲಿನಲ್ಲಿ ಐಸಿಎಂಆರ್‌ನ ಸಣ್ಣ ಎಕ್ಸ್‌ಟ್ರಾಮ್ಯೂರಲ್ ಗ್ರಾಂಟ್, ಅಂದರೆ ಹೊರಗಿನ ಸಂಸ್ಥೆಗಳಿಗೆ ಕೊಡುವ ಅನುದಾನ, ಇದೆ. ಹೆಸರಿಗೆ ಸಣ್ಣದು, ಮಿತಿ 2 ಕೋಟಿ ರೂಪಾಯಿ. 2023ರ ಕಾಯ್ದೆಯಿಂದ ಹುಟ್ಟಿ ಹಳೆಯ ಎಸ್‌ಇಆರ್‌ಬಿಯ ಜಾಗಕ್ಕೆ ಬಂದ ಕೇಂದ್ರದ ಸಂಶೋಧನಾ ನಿಧಿ ಸಂಸ್ಥೆ ಎಎನ್‌ಆರ್‌ಎಫ್, ವೃತ್ತಿಯ ಆರಂಭದಲ್ಲಿರುವವರಿಗೆ 3 ವರ್ಷಕ್ಕೆ 60 ಲಕ್ಷದವರೆಗೆ ಕೊಡುತ್ತದೆ. ಕೇಂದ್ರ ವಿಜ್ಞಾನ ಇಲಾಖೆಯ ಇನ್‌ಸ್ಪೈರ್ ಫ್ಯಾಕಲ್ಟಿ ಫೆಲೋಶಿಪ್ ಆದರೆ 5 ವರ್ಷ, ವರ್ಷಕ್ಕೆ 7 ಲಕ್ಷ ಸಂಶೋಧನಾ ವೆಚ್ಚ, ಸಂಬಳ ಬೇರೆ. ಟೆಸ್ಟ್ ಕಿಟ್, ಉಪಕರಣ, ಸಾಫ್ಟ್‌ವೇರಿನಂಥ ವಸ್ತು ಮಾಡಹೊರಟವರಿಗೆ ಜೈವಿಕ ತಂತ್ರಜ್ಞಾನ ಉದ್ಯಮಕ್ಕೆ ನೆರವಾಗುವ ಕೇಂದ್ರದ ಸಂಸ್ಥೆ ಬೈರಾಕ್‌ನ ಬಿಗ್ ಗ್ರಾಂಟ್ 18 ತಿಂಗಳಿಗೆ 50 ಲಕ್ಷದವರೆಗೆ. ಬೆಂಗಳೂರಿನಲ್ಲಿ ಸಿ-ಕ್ಯಾಂಪ್ ಇದನ್ನು ನಡೆಸುವ ಪಾಲುದಾರ ಸಂಸ್ಥೆ. ಸ್ಟಾರ್ಟಪ್‌ಗಳಿಗೆ ರಾಜ್ಯ ಸರ್ಕಾರದ ಎಲಿವೇಟ್ ಅನುದಾನ ಉಂಟು. "ಈ ಜೀನ್ ಏನು ಮಾಡುತ್ತದೆ" ಎಂಬ ಪ್ರಶ್ನೆ ಹಿಡಿದು ಬಿಗ್‌ಗೆ ಹೋದರೆ ವಾಪಸ್ ಬರುತ್ತೀರಿ. ಅಲ್ಲಿ ಕೇಳುವುದು ಇದನ್ನು ಯಾರು ಕೊಳ್ಳುತ್ತಾರೆ ಎಂದು.

ಖಾಸಗಿ ಆಸ್ಪತ್ರೆಯಲ್ಲಿದ್ದೀನಿ. ಸರ್ಕಾರದ ಗ್ರಾಂಟ್ ಸಿಗುತ್ತಾ?

ಸಿಗುತ್ತದೆ, ಆಸ್ಪತ್ರೆಯ ಕಾಗದಪತ್ರ ಸರಿ ಇದ್ದರೆ. ಖಾಸಗಿ ಸಂಸ್ಥೆಗೆ ಸಾಮಾನ್ಯವಾಗಿ ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆ ಡಿಎಸ್‌ಐಆರ್‌ನಿಂದ ಸಂಶೋಧನಾ ಸಂಸ್ಥೆ ಎಂಬ ಮಾನ್ಯತೆ, ಅಂದರೆ ಸೈರೋ, ಇರಬೇಕೆಂದು ಕೇಳುತ್ತಾರೆ. ಟ್ರಸ್ಟ್ ಆದರೆ ಸ್ವಯಂಸೇವಾ ಸಂಸ್ಥೆಗಳ ಸರ್ಕಾರಿ ಪೋರ್ಟಲ್ ದರ್ಪಣ್‌ನ ಸಂಖ್ಯೆಯೂ ಬೇಕು. ಮಾನ್ಯತೆಯ ಅವಧಿ ಮುಗಿದಿದೆಯೇ ಎಂದು ಅರ್ಜಿ ಬರೆಯುವ ಮೊದಲೇ ಆಡಳಿತ ಕಚೇರಿಯಲ್ಲಿ ವಿಚಾರಿಸಿ. ಕೊನೆಯ ದಿನ ಸಂಜೆ ಇದು ಗೊತ್ತಾದರೆ ಮಾಡಲು ಏನೂ ಉಳಿದಿರುವುದಿಲ್ಲ.

ಎಂಬಿಬಿಎಸ್ ಓದ್ತಾ ಇದ್ದೀನಿ. ನನಗೂ ಏನಾದ್ರೂ ಇದೆಯಾ?

ಐಸಿಎಂಆರ್‌ನ ವಿದ್ಯಾರ್ಥಿಗಳ ಅಲ್ಪಾವಧಿ ಸಂಶೋಧನಾ ಯೋಜನೆ ಎಸ್‌ಟಿಎಸ್ ಇದೆ: ಒಬ್ಬ ಗೈಡ್, ಎರಡು ತಿಂಗಳ ಕೆಲಸ. ಎರಡು ತಿಂಗಳಲ್ಲಿ ಮುಗಿಯಬೇಕೆಂದರೆ ಇರುವ ದಾಖಲೆ ಅಥವಾ ಪ್ರಶ್ನಾವಳಿ ಇಟ್ಟುಕೊಂಡು ಮಾಡುವಂಥದ್ದನ್ನೇ ಆರಿಸಿ. ಎಥಿಕ್ಸ್ ಕಮಿಟಿಯ ಒಪ್ಪಿಗೆಗೆ ಈಗಲೇ ಅರ್ಜಿ ಕೊಡಿ.

## ಅರ್ಜಿ ಬರೆಯುವಾಗ

ಎಷ್ಟು ಸ್ಯಾಂಪಲ್ ಅಂತ ಬರೀಬೇಕು? ಪೈಲಟ್ ತಾನೇ, 30 ಹಾಕಿದ್ರೆ ಸಾಕಾ?

30 ಎನ್ನುವುದು ಬಾಯಿಪಾಠ, ಲೆಕ್ಕವಲ್ಲ. ಯಾವ ಸಂಖ್ಯೆಯನ್ನು ಹುಡುಕುತ್ತಿದ್ದೀರಿ ಎಂಬುದರ ಮೇಲೆ ಇದು ನಿಂತಿದೆ.

ಒಪ್ಪಿಗೆಯ ಪ್ರಮಾಣ ಬೇಕೆಂದುಕೊಳ್ಳಿ. 50 ಜನರನ್ನು ಕೇಳಿ 35 ಜನ ಒಪ್ಪಿದರೆ 70%. ಆದರೆ ಅದರ 95% ವ್ಯಾಪ್ತಿ (ನಿಜವಾದ ಪ್ರಮಾಣ ಇರಬಹುದಾದ ಅಂದಾಜು ಮಿತಿ) ಸುಮಾರು 56ರಿಂದ 81ರವರೆಗೆ ಹರಡಿದೆ. ದೊಡ್ಡ ಅಧ್ಯಯನದ ಅವಧಿಯನ್ನು 56 ಇಟ್ಟುಕೊಂಡೇ ಲೆಕ್ಕ ಹಾಕಿ, 70 ಅಲ್ಲ. ಅಡ್ಡಪರಿಣಾಮ ನೋಡುತ್ತಿದ್ದರೆ "ಮೂರರ ನಿಯಮ" ನೆನಪಿರಲಿ: 30 ಜನರಲ್ಲಿ ಒಬ್ಬರಿಗೂ ತೊಂದರೆ ಆಗದಿದ್ದರೂ, ನಿಜವಾದ ಪ್ರಮಾಣ 3/30, ಅಂದರೆ 10% ಇರುವ ಸಾಧ್ಯತೆ ಉಳಿದೇ ಇರುತ್ತದೆ. "ಸುರಕ್ಷಿತವೆಂದು ಸಾಬೀತಾಯಿತು" ಎಂದು ಬರೆದ ಕಡೆಯೇ ರಿವ್ಯೂ ಮಾಡುವವರ ಪೆನ್ನು ನಿಲ್ಲುತ್ತದೆ. ಅಳತೆಯ ಏರುಪೇರು ತಿಳಿಯಲು ಗುಂಪಿಗೆ ಕನಿಷ್ಠ 12 ಎಂಬ ರೂಢಿ ಇದೆ. ಅಷ್ಟು ಸಾಲದು, ಹೆಚ್ಚಿರಲಿ ಎನ್ನುವವರೂ ಇದ್ದಾರೆ, ನಮಗೂ ಅದೇ ಸರಿ ಎನಿಸುತ್ತದೆ.

ಪೈಲಟ್‌ನಲ್ಲಿ ಕಂಡ ಚಿಕಿತ್ಸಾ ಪರಿಣಾಮವನ್ನು ಹಾಗೇ ಎತ್ತಿ ದೊಡ್ಡ ಅಧ್ಯಯನದ ಸ್ಯಾಂಪಲ್ ಲೆಕ್ಕಕ್ಕೆ ಹಾಕಬೇಡಿ. ಚಿಕ್ಕ ಗುಂಪಿನಲ್ಲಿ ಪರಿಣಾಮ ದೊಡ್ಡದಾಗಿ ಕಂಡಾಗಲಷ್ಟೇ ಜನ ಮುಂದಿನ ಅರ್ಜಿ ಬರೆಯುತ್ತಾರೆ, ಹಾಗಾಗಿ ಆ ಸಂಖ್ಯೆ ಉಬ್ಬಿರುತ್ತದೆ. ರೋಗಿಗೆ ಎಷ್ಟು ವ್ಯತ್ಯಾಸವಾದರೆ ಪ್ರಯೋಜನ ಎಂಬುದನ್ನು ವೈದ್ಯಕೀಯವಾಗಿ ನಿರ್ಧರಿಸಿ, ಏರುಪೇರನ್ನು ಮಾತ್ರ ಪೈಲಟ್‌ನಿಂದ ತೆಗೆದುಕೊಳ್ಳಿ.

"ಗೋ, ನೋ-ಗೋ ಬರೀರಿ" ಅಂತಾರೆ. ಏನದು?

ಯಾವ ಸಂಖ್ಯೆ ಬಂದರೆ ಮುಂದಕ್ಕೆ, ಯಾವುದು ಬಂದರೆ ನಿಲ್ಲಿಸುವುದು ಎಂದು ಶುರುವಾಗುವ ಮೊದಲೇ ಬರೆದಿಡುವುದು. ಒಂದು ಮಾದರಿ: ಬಾಯೊಳಗಿನ ಬಿಳಿ ಮಚ್ಚೆಯಿಂದ ಬ್ರಶ್‌ನಲ್ಲಿ 40 ಸ್ಯಾಂಪಲ್. 32ಕ್ಕಿಂತ ಹೆಚ್ಚಿನವುಗಳಲ್ಲಿ ಸಾಕಷ್ಟು ಡಿಎನ್‌ಎ ಸಿಕ್ಕರೆ ಮುಂದೆ. 24ರಿಂದ 32 ಆದರೆ ಬ್ರಶ್ ಅಥವಾ ಸಂಗ್ರಹದ ವಿಧಾನ ಬದಲಿಸಿ ಇನ್ನೊಂದು ಸುತ್ತು. 24ಕ್ಕಿಂತ ಕಡಿಮೆಯಾದರೆ ಈ ದಾರಿ ಬಿಡುವುದು. "ಸಾಕಷ್ಟು" ಎಂದರೆ ಎಷ್ಟು ನ್ಯಾನೋಗ್ರಾಂ ಎಂದೂ ಬರೆಯಿರಿ. ನಿಲ್ಲಿಸುವ ಗೆರೆ ಬರೆದರೆ ಅರ್ಜಿ ಬಿದ್ದುಹೋಗುತ್ತದೆ ಎಂಬ ಭಯ ಬಹಳ ಜನಕ್ಕೆ. ವಾಸ್ತವದಲ್ಲಿ ಆ ಗೆರೆ ಇಲ್ಲದ ಅರ್ಜಿಯ ಮೇಲೇ ಅನುಮಾನ ಹೆಚ್ಚು.

ಬಜೆಟ್‌ನಲ್ಲಿ ಎಲ್ಲರೂ ಎಲ್ಲಿ ಎಡವೋದು?

ಸಂಬಳದಲ್ಲಿ. 2023ರ ಜನವರಿಯಿಂದ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) 37,000 ರೂಪಾಯಿ. ಬೆಂಗಳೂರು ಭತ್ಯೆ ಹೆಚ್ಚಿರುವ ಎಕ್ಸ್ ವರ್ಗದ ನಗರ. ಮನೆಬಾಡಿಗೆ ಭತ್ಯೆ 30% ಹಿಡಿದರೆ 11,100 ಸೇರಿ ತಿಂಗಳಿಗೆ 48,100. 18 ತಿಂಗಳಿಗೆ 8,65,800. ಒಟ್ಟು ಗ್ರಾಂಟ್ 15 ಲಕ್ಷ ಎಂದುಕೊಂಡರೆ ಅರ್ಧಕ್ಕಿಂತ ಹೆಚ್ಚು ಒಬ್ಬರ ಸಂಬಳಕ್ಕೇ ಹೋಯಿತು. ಅದೇ ವ್ಯಕ್ತಿಯನ್ನು 12 ತಿಂಗಳಿಗೆ ತೆಗೆದುಕೊಂಡರೆ 5,77,200. ಮೊದಲ ನಾಲ್ಕಾರು ತಿಂಗಳು ಅನುಮತಿ, ಖರೀದಿಗಳಲ್ಲೇ ಕಳೆಯುವುದರಿಂದ ನೇಮಕವನ್ನು ತಡವಾಗಿ ಇಡುವುದೇ ಜಾಣತನ.

ಆಮೇಲೆ ಮರೆಯುವಂಥವು: ರೀಏಜೆಂಟಿನ ಬೆಲೆಯ ಮೇಲೆ ಜಿಎಸ್‌ಟಿ, ಡ್ರೈ ಐಸ್ ಸಾಗಣೆ, ವಿಫಲವಾಗುವ ಸ್ಯಾಂಪಲ್‌ಗಳಿಗೆ ಹೆಚ್ಚುವರಿ ಕಿಟ್, ರೋಗಿಗಳ ಪ್ರಯಾಣದ ಖರ್ಚು, ಕನ್ಸೆಂಟ್ ಫಾರಂಗಳ ಅನುವಾದ. ಸೀಕ್ವೆನ್ಸಿಂಗ್, ಮೈಕ್ರೋಸ್ಕೋಪಿ ಹೊರಗೆ ಮಾಡಿಸುವುದಾದರೆ ಕೋರ್ ಫೆಸಿಲಿಟಿಯಿಂದ ಲಿಖಿತ ಕೊಟೇಶನ್ ತರಿಸಿ. ಶೈಕ್ಷಣಿಕ ಸಂಸ್ಥೆಗೂ ಕಂಪನಿಗೂ ದರ ಬೇರೆ ಬೇರೆ. ಪೈಲಟ್ ಹಣದಲ್ಲಿ ಯಂತ್ರ ಕೊಳ್ಳುವ ಆಸೆ ಬಿಡಿ. ನಾಲ್ಕು ಕಿಲೋಮೀಟರ್ ದೂರದಲ್ಲಿ ಅದೇ ಯಂತ್ರ ಖಾಲಿ ಕೂತಿರುವ ಊರು ಇದು.

ಗಿಡಮೂಲಿಕೆ ಸಾರ ಕ್ಯಾನ್ಸರ್ ಕೋಶಗಳನ್ನ ಕೊಲ್ಲುತ್ತೆ ಅಂತ ತೋರಿಸಿದೀವಿ. ಗ್ರಾಂಟ್ ಯಾಕೆ ಸಿಗ್ತಿಲ್ಲ?

ತಟ್ಟೆಯಲ್ಲಿರುವ ಕೋಶಗಳನ್ನು ಉಪ್ಪುನೀರೂ ಕೊಲ್ಲುತ್ತದೆ. ಕೇಳುವುದು ಮೂರು ವಿಷಯ. ಎಷ್ಟು ಪ್ರಮಾಣದಲ್ಲಿ: ಕಚ್ಚಾ ಸಾರಕ್ಕೆ ಅರ್ಧದಷ್ಟು ಕೋಶ ಸಾಯುವ ಪ್ರಮಾಣ ಮಿಲಿಲೀಟರಿಗೆ ಸುಮಾರು 20ರಿಂದ 30 ಮೈಕ್ರೋಗ್ರಾಂ ಒಳಗಿದ್ದರೆ ಗಮನ ಕೊಡುತ್ತಾರೆ, 500 ಆದರೆ ಪುಟ ಮಗುಚುತ್ತಾರೆ. ಆರೋಗ್ಯವಂತ ಕೋಶಕ್ಕೆ ಏನಾಯಿತು: ಈ ಸಾಲು ಇಲ್ಲದ ಅರ್ಜಿಗಳೇ ಹೆಚ್ಚು. ಯಾವ ಪರೀಕ್ಷೆ: ಬದುಕಿರುವ ಕೋಶಗಳನ್ನು ಬಣ್ಣದಿಂದ ಅಳೆಯುವ ಎಂಟಿಟಿ ಒಂದನ್ನೇ ನಂಬಬೇಡಿ. ಸಸ್ಯದ ಪಾಲಿಫಿನಾಲ್‌ಗಳು ಕೋಶವಿಲ್ಲದೆಯೂ ಎಂಟಿಟಿಯನ್ನು ನೇರಳೆ ಬಣ್ಣಕ್ಕೆ ತಿರುಗಿಸಬಲ್ಲವು. ಕೋಶವಿಲ್ಲದ ಬಾವಿಯಲ್ಲಿ (ಪರೀಕ್ಷಾ ತಟ್ಟೆಯ ಗುಳಿ) ಸಾರ ಮಾತ್ರ ಹಾಕಿದ ಕಂಟ್ರೋಲ್ ಇಡಿ, ಇನ್ನೊಂದು ತತ್ತ್ವದ ಪರೀಕ್ಷೆಯನ್ನೂ ಮಾಡಿ. ಕರಗಿಸಲು ಬಳಸಿದ ಡಿಎಂಎಸ್‌ಒ ಎಲ್ಲ ಬಾವಿಗಳಲ್ಲೂ ಒಂದೇ ಪ್ರಮಾಣದಲ್ಲಿರಲಿ. ಪೇಟೆಂಟ್ ಯೋಚನೆ ಇದ್ದರೆ, ಭಾರತದ ಜೈವಿಕ ಸಂಪನ್ಮೂಲ ಆಧರಿಸಿದ ಪೇಟೆಂಟಿಗೆ 2002ರ ಜೀವವೈವಿಧ್ಯ ಕಾಯ್ದೆ ಅನ್ವಯಿಸುತ್ತದೆ.

ಸೆಲ್ ಲೈನ್ ಪಕ್ಕದ ಲ್ಯಾಬಿನ ಗೆಳೆಯರಿಂದ ತಂದ್ರೆ ನಡೆಯುತ್ತಾ?

ತನ್ನಿ, ಆದರೆ ಕೋಶಗಳ ಗುರುತು ಖಚಿತಪಡಿಸುವ ಎಸ್‌ಟಿಆರ್ ಡಿಎನ್‌ಎ ಪರೀಕ್ಷೆ ಮಾಡಿಸದೆ ಬಳಸಬೇಡಿ. ಎಂಡಿಎ-ಎಂಬಿ-435 ಎಂಬ ಸೆಲ್ ಲೈನನ್ನು ವರ್ಷಗಟ್ಟಲೆ ಸ್ತನ ಕ್ಯಾನ್ಸರ್ ಎಂದೇ ಬಳಸಿದರು. ಅದು ಚರ್ಮದ ಮೆಲನೋಮಾ ಎಂದು ಆಮೇಲೆ ತಿಳಿಯಿತು. ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾ ಸೋಂಕಿನ ಪರೀಕ್ಷೆಯನ್ನು ಬಂದ ದಿನವೂ ಆಮೇಲೆ ನಿಯತವಾಗಿಯೂ ಮಾಡಿ, ಹೊಸ ಕೋಶಗಳಿಗೆ ಪ್ರತ್ಯೇಕ ಇನ್‌ಕ್ಯುಬೇಟರ್ ಇಡಿ. ದಾಖಲೆ ಸಹಿತ ಬೇಕಾದರೆ ಪುಣೆಯ ಎನ್‌ಸಿಸಿಎಸ್‌ನ ಭಂಡಾರವಿದೆ.

ಸ್ಲೈಡ್ ನೋಡಿ ಕ್ಯಾನ್ಸರ್ ಹೇಳೋ ಎಐ ಮಾಡ್ತಿದೀವಿ, 98% ಬಂದಿದೆ. ಇನ್ನೇನು ಬೇಕು?

ಡೇಟಾ ಹೇಗೆ ಹಂಚಿದಿರಿ ಎಂಬುದು. ಒಬ್ಬ ರೋಗಿಯ ಸ್ಲೈಡಿನ ಒಂದು ಚೂರು ತರಬೇತಿಯಲ್ಲಿ, ಇನ್ನೊಂದು ಚೂರು ಪರೀಕ್ಷೆಯಲ್ಲಿ ಸೇರಿದ್ದರೆ ಆ 98 ಪೊಳ್ಳು. ರೋಗಿವಾರು ಹಂಚಿ. ಇನ್ನೊಂದು ಆಸ್ಪತ್ರೆಯ, ಇನ್ನೊಂದು ಸ್ಕ್ಯಾನರಿನ ಸ್ಲೈಡುಗಳ ಮೇಲೆ ಎಷ್ಟಕ್ಕೆ ಇಳಿಯುತ್ತದೆ ಎಂದು ನೋಡುವುದೇ ಒಳ್ಳೆಯ ಪೈಲಟ್ ಪ್ರಶ್ನೆ.

## ಅನುಮತಿಗಳು

ಎಥಿಕ್ಸ್ ಕಮಿಟಿ ಮೊದಲಾ, ಗ್ರಾಂಟ್ ಮೊದಲಾ?

ಎರಡನ್ನೂ ಒಟ್ಟಿಗೆ ನಡೆಸಿ. ಅರ್ಜಿಯ ಹೊತ್ತಿಗೆ ಒಪ್ಪಿಗೆಯೇ ಬೇಕೋ, ಸಲ್ಲಿಸಿದ ಪತ್ರ ಸಾಕೋ ಎಂದು ಪ್ರಕಟಣೆಯಲ್ಲಿ ನೋಡಿ. ಹಣ ಬಿಡುಗಡೆಗಂತೂ ಒಪ್ಪಿಗೆ ಬೇಕೇ ಬೇಕು. ಔಷಧ ಪ್ರಯೋಗಕ್ಕೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒದಲ್ಲಿ, ಇತರ ಜೈವಿಕ ವೈದ್ಯಕೀಯ ಸಂಶೋಧನೆಗೆ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಾದ ಕಮಿಟಿಯೇ ಆಗಿರಬೇಕು. ಎರಡು ಆಸ್ಪತ್ರೆಗಳಿಂದ ರೋಗಿಗಳನ್ನು ಸೇರಿಸುವುದಾದರೆ ಎರಡೂ ಕಡೆಯ ವೇಳಾಪಟ್ಟಿ ಕೇಳಿಕೊಳ್ಳಿ. ಕೆಲವು ಕಮಿಟಿಗಳು ತಿಂಗಳಿಗೊಮ್ಮೆ ಕೂರುತ್ತವೆ, ಕೆಲವು ಅದಕ್ಕೂ ಅಪರೂಪ. ಪ್ರಾಣಿಗಳಿದ್ದರೆ ಪ್ರಾಣಿ ಎಥಿಕ್ಸ್ ಕಮಿಟಿ, ಜೀನ್ ಮಾರ್ಪಾಡಿದ್ದರೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ ಬೇರೆ. ಕ್ಲಿನಿಕಲ್ ಟ್ರಯಲ್ ಆದರೆ ಮೊದಲ ರೋಗಿಯನ್ನು ಸೇರಿಸುವ ಮುನ್ನವೇ ದೇಶದ ಟ್ರಯಲ್ ದಾಖಲಾತಿ ಸಿಟಿಆರ್‌ಐನಲ್ಲಿ ನೋಂದಾಯಿಸಿ. 2018ರ ಏಪ್ರಿಲ್‌ನಿಂದ ಅಲ್ಲಿ ಹಿಂದಿನ ದಿನಾಂಕದ ನೋಂದಣಿ ಇಲ್ಲ.

ಪೆಥಾಲಜಿಯಲ್ಲಿ ಹಳೇ ಬ್ಲಾಕ್‌ಗಳಿವೆ. ಅವಕ್ಕೂ ಕನ್ಸೆಂಟ್ ಬೇಕಾ?

ಗುರುತು ತೆಗೆದ ಹಳೆಯ ಸ್ಯಾಂಪಲ್‌ಗಳಿಗೆ ಕನ್ಸೆಂಟ್ ವಿನಾಯಿತಿ ಸಿಗಬಹುದು, ಆದರೆ ಅದನ್ನು ಹೇಳಬೇಕಾದವರು ಕಮಿಟಿಯವರು, ನೀವಲ್ಲ. ರೋಗಿಯ ಚಿಕಿತ್ಸೆಗೆ ಮುಂದೆ ಬೇಕಾಗುವ ಬ್ಲಾಕನ್ನು ಪೂರ್ತಿ ಕೊಯ್ದು ಮುಗಿಸಬಾರದು. ಬ್ಲಾಕಿನ ಗುಣವೂ ಮುಖ್ಯ: 10% ಬಫರ್ ಮಾಡಿದ ಫಾರ್ಮಲಿನ್‌ನಲ್ಲಿ 6ರಿಂದ 72 ಗಂಟೆ ಇದ್ದರೆ ಸ್ತನ ಕ್ಯಾನ್ಸರಿನ ಹಾರ್ಮೋನ್ ರಿಸೆಪ್ಟರ್ ಪರೀಕ್ಷೆ ನಂಬಬಹುದು. ಶನಿವಾರ ಮಧ್ಯಾಹ್ನ ಹಾಕಿ ಮಂಗಳವಾರ ಸಂಜೆ ತೆಗೆದದ್ದಾದರೆ ಮಿತಿ ದಾಟಿತು. ಮೊದಲು 10 ಬ್ಲಾಕ್ ತೆಗೆದು ಗುಣಮಟ್ಟ ನೋಡಿ, ಆಮೇಲೆ 100ರ ಮಾತು.

ಕನ್ಸೆಂಟ್ ಫಾರಂನ ಕನ್ನಡಕ್ಕೆ ಮಾಡಿಸಿದ್ವಿ. ರೋಗಿಗಳಿಗೆ ಅರ್ಥ ಆಗ್ತಿಲ್ಲ ಅಂತಾರೆ.

"ಯಾದೃಚ್ಛಿಕ ಹಂಚಿಕೆ" ಎಂದು ಬರೆದಿರುತ್ತೀರಿ. "ಚೀಟಿ ಎತ್ತಿದ ಹಾಗೆ, ಯಾರಿಗೆ ಯಾವ ಚಿಕಿತ್ಸೆ ಎಂದು ಡಾಕ್ಟರೂ ಆರಿಸುವುದಿಲ್ಲ" ಎಂದರೆ ಅರ್ಥವಾಗುತ್ತದೆ. "ಅರ್ಬುದ" ಪಠ್ಯಪುಸ್ತಕದ ಮಾತು, ಜನ ಹೇಳುವುದು ಗಡ್ಡೆ, ಗಂಟು. ಎಷ್ಟು ಮಿಲಿಲೀಟರ್ ರಕ್ತ ಎನ್ನುವುದಕ್ಕಿಂತ ಎಷ್ಟು ಚಮಚ ಎನ್ನಿ. ಫಾರಂ ಸಿದ್ಧವಾದ ಮೇಲೆ ಮೂಲ ನೋಡದ ಒಬ್ಬರಿಂದ ಇಂಗ್ಲಿಷಿಗೆ ವಾಪಸ್ ಅನುವಾದ ಮಾಡಿಸಿ, ವ್ಯತ್ಯಾಸ ತಾನೇ ಎದ್ದು ಕಾಣುತ್ತದೆ. ರಾಯಚೂರು, ಕಲಬುರಗಿ ಕಡೆಯವರಿಗೆ ಒಮ್ಮೆ ಓದಿ ಕೇಳಿಸಿ ನೋಡಿ. ಬೆಂಗಳೂರಿನ ಆಸ್ಪತ್ರೆಗೆ ತೆಲುಗು, ತಮಿಳು, ಉರ್ದು, ಹಿಂದಿ ಪ್ರತಿಗಳೂ ಬೇಕಾಗುತ್ತವೆ. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ನಿಮ್ಮ ತಂಡಕ್ಕೆ ಸೇರದ ಸಾಕ್ಷಿ ಇರಬೇಕು. ಸಂಶೋಧನೆಗಾಗಿಯೇ ಮಾಡುವ ಪರೀಕ್ಷೆಗೆ ರೋಗಿಯಿಂದ ಹಣ ತೆಗೆದುಕೊಳ್ಳುವಂತಿಲ್ಲ, ಅದನ್ನೂ ಫಾರಂನಲ್ಲಿ ಹೇಳಿ.

ಅಮೆರಿಕದ ಫೌಂಡೇಶನ್ ಒಂದು ದುಡ್ಡು ಕೊಡ್ತೀನಿ ಅಂದಿದೆ. ತಗೋಬಹುದಾ?

ಟ್ರಸ್ಟ್ ಅಥವಾ ಸೊಸೈಟಿ ಆದರೆ ವಿದೇಶಿ ದೇಣಿಗೆ ಕಾಯ್ದೆ ಎಫ್‌ಸಿಆರ್‌ಎ ಅಡಿ ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಹಣ ಮೊದಲು ಎಸ್‌ಬಿಐನ ದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ 20% ಮೀರಬಾರದು, ಇನ್ನೊಂದು ಸಂಸ್ಥೆಗೆ ಅದನ್ನು ದಾಟಿಸುವಂತಿಲ್ಲ. ಹಾಗಾಗಿ "ಹಣ ನಮ್ಮಲ್ಲಿ, ಪಾಲು ಪಕ್ಕದ ಟ್ರಸ್ಟಿಗೆ" ಎಂಬ ಯೋಜನೆ ನಡೆಯುವುದಿಲ್ಲ. ವಿದೇಶಿ ನೆರವಿನ ಆರೋಗ್ಯ ಸಂಶೋಧನೆಗೆ ಐಸಿಎಂಆರ್ ಮೂಲಕ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಸಮಿತಿಯ ಒಪ್ಪಿಗೆಯೂ ಬೇಕು.

## ಹಣ ಕೈಗೆ ಬಂದ ಮೇಲೆ

ರಕ್ತದ ಸ್ಯಾಂಪಲ್‌ನಲ್ಲಿ ಗಡ್ಡೆಯ ಡಿಎನ್‌ಎ ಸಿಗ್ತಾನೇ ಇಲ್ಲ. ಕಿಟ್ ಸರಿ ಇಲ್ವಾ?

ಕಿಟ್‌ಗಿಂತ ಮೊದಲು ಟ್ರಾಫಿಕ್ ನೋಡಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಾಮಾನ್ಯ ಇಡಿಟಿಎ ಟ್ಯೂಬಿನಲ್ಲಿ ತೆಗೆದ ರಕ್ತದಿಂದ ಸುಮಾರು 4 ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸಬೇಕು. ತಡವಾದರೆ ಬಿಳಿ ರಕ್ತಕಣಗಳು ಒಡೆದು ಅವುಗಳ ಡಿಎನ್‌ಎ ಸುರಿಯುತ್ತದೆ, ಗಡ್ಡೆಯ ಚೂರುಪಾರು ಅದರಲ್ಲಿ ಮುಳುಗಿಹೋಗುತ್ತದೆ. ಹೊಸೂರು ರಸ್ತೆಯ ಆಸ್ಪತ್ರೆಯಲ್ಲಿ ಬೆಳಿಗ್ಗೆ ತೆಗೆದ ಟ್ಯೂಬುಗಳನ್ನು ಒಟ್ಟುಮಾಡಿ ಬಳ್ಳಾರಿ ರಸ್ತೆಯ ಜಿಕೆವಿಕೆ ಕಡೆಯ ಲ್ಯಾಬಿಗೆ ಸಂಜೆ ಕಳಿಸಿದರೆ ಆ ದಿನದ ಸ್ಯಾಂಪಲ್ ಹೋದಂತೆಯೇ. ದಾರಿ ಎರಡು. ಆಸ್ಪತ್ರೆಯಲ್ಲೇ ಸೆಂಟ್ರಿಫ್ಯೂಜ್ ಇಟ್ಟು 1,600 ಜಿಯಲ್ಲಿ 10 ನಿಮಿಷ, ಮೇಲಿನ ಪ್ಲಾಸ್ಮಾವನ್ನು ಬೇರೆ ಟ್ಯೂಬಿಗೆ ತೆಗೆದು 16,000 ಜಿಯಲ್ಲಿ ಮತ್ತೆ 10 ನಿಮಿಷ ತಿರುಗಿಸಿ, ಮೈನಸ್ 80 ಡಿಗ್ರಿಯಲ್ಲಿಡಿ. ಇಲ್ಲವೇ ಕಣ ಒಡೆಯದಂತೆ ಕಾಯುವ ದುಬಾರಿ ಟ್ಯೂಬ್ ಕೊಳ್ಳಿ. ಅವುಗಳಲ್ಲಿ ಕೆಲವು 14 ದಿನ ಕೋಣೆಯ ತಾಪಮಾನದಲ್ಲೇ ತಡೆಯುತ್ತವೆ. ಪ್ರತಿ ಟ್ಯೂಬಿಗೂ ರಕ್ತ ತೆಗೆದ ಹೊತ್ತು, ತಿರುಗಿಸಿದ ಹೊತ್ತು ಬರೆಯಿರಿ. ಫ್ರೀಜರ್ ಜನರೇಟರ್ ಲೈನಿನಲ್ಲಿದೆಯೇ ಎಂದು ಕರೆಂಟ್ ಹೋಗುವ ಮೊದಲು ನೋಡಿ, ಹೋದ ಮೇಲಲ್ಲ.

ರೋಗಿಗಳು ಒಪ್ಕೋತಾರೆ, ಫಾಲೋಅಪ್‌ಗೆ ಮಾತ್ರ ಬರಲ್ಲ.

ದೂರದಿಂದ ಬಂದವರು ರಕ್ತ ಕೊಡಲೆಂದೇ ಇನ್ನೊಮ್ಮೆ ರಾತ್ರಿ ಬಸ್ ಹತ್ತುವುದಿಲ್ಲ. ಅವರ ರೇಡಿಯೇಶನ್, ಕೀಮೋ ತಾರೀಖಿಗೇ ನಿಮ್ಮ ಭೇಟಿ ಹೊಂದಿಸಿ. ಎರಡು ಫೋನ್ ನಂಬರ್ ತೆಗೆದುಕೊಳ್ಳಿ, ಒಂದು ಊರಿನಲ್ಲಿರುವ ಸಂಬಂಧಿಕರದ್ದು. ಬಸ್ ಚಾರ್ಜ್ ಅಂದೇ ಕೈಗೆ ಕೊಡಿ, ಚೆಕ್ ಆಮೇಲೆ ಬರುತ್ತದೆ ಎನ್ನಬೇಡಿ. ಎಷ್ಟು ಜನ ಕೈಬಿಟ್ಟರು, ಯಾಕೆ ಎಂಬುದೇ ಪೈಲಟ್‌ನ ಒಂದು ಫಲಿತಾಂಶ, ಮುಚ್ಚಿಡಬೇಡಿ.

ಯು.ಸಿ. ಅಂತ ಪದೇ ಪದೇ ಕೇಳ್ತಾರೆ. ಯಾಕಿಷ್ಟು ತಕರಾರು?

ಯು.ಸಿ., ಅಂದರೆ ಹಣ ಬಳಸಿದ್ದಕ್ಕೆ ಕೊಡುವ ಪ್ರಮಾಣಪತ್ರ, ಇಲ್ಲದೆ ಎರಡನೇ ಕಂತು ಬರುವುದಿಲ್ಲ. ಕೇಂದ್ರದ ಗ್ರಾಂಟ್ ಆದರೆ ಸರ್ಕಾರದ ಹಣಕಾಸು ನಿಯಮಗಳ ಜಿಎಫ್‌ಆರ್ 12-ಎ ನಮೂನೆ, ಜೊತೆಗೆ ಖರ್ಚಿನ ವಿವರ. ಲೆಕ್ಕ ಮಾರ್ಚ್ 31ಕ್ಕೆ ಮುಗಿಯುತ್ತದೆ, ನಿಮ್ಮ ಪ್ರಾಜೆಕ್ಟ್ ಅಕ್ಟೋಬರಿನಲ್ಲಿ ಶುರುವಾಗಿದ್ದರೂ. ತಕರಾರು ಬರುವ ಜಾಗಗಳು: ಸಂಬಳದ ಹಣದಲ್ಲಿ ರೀಏಜೆಂಟ್ ಕೊಂಡದ್ದು, ಅವಧಿ ಮುಗಿದ ಮೇಲಿನ ದಿನಾಂಕದ ಬಿಲ್, ಬಡ್ಡಿ ತೋರಿಸದೆ ಬಿಟ್ಟದ್ದು. ಆ ಬಡ್ಡಿ ಕೇಂದ್ರದ ಸಂಚಿತ ನಿಧಿಗೆ ಸೇರಬೇಕು. ಒಂದು ಬಾಬ್ತಿನಿಂದ ಇನ್ನೊಂದಕ್ಕೆ ಹಣ ಬದಲಿಸುವುದಿದ್ದರೆ ಮೊದಲು ಲಿಖಿತ ಒಪ್ಪಿಗೆ ಪಡೆಯಿರಿ. ಅಕೌಂಟ್ಸ್ ವಿಭಾಗದವರ ಜೊತೆ ಮಾರ್ಚ್ ಕೊನೆಯಲ್ಲಲ್ಲ, ಜನವರಿಯಲ್ಲೇ ಕೂತುಕೊಳ್ಳಿ.

## ಮುಂದಿನ ಮೆಟ್ಟಿಲು

ಪೈಲಟ್‌ನ ರೋಗಿಗಳನ್ನ ದೊಡ್ಡ ಟ್ರಯಲ್‌ಗೂ ಎಣಿಸಬಹುದಾ?

ಎಣಿಸುತ್ತೇವೆಂದು ಪ್ರೋಟೋಕಾಲ್‌ನಲ್ಲಿ ಮೊದಲೇ ಬರೆದಿದ್ದರೆ, ನಡುವೆ ವಿಧಾನ ಬದಲಾಗದಿದ್ದರೆ ಹೌದು. ಫಲಿತಾಂಶ ಚೆನ್ನಾಗಿದೆ ಎಂದು ನೋಡಿದ ಮೇಲೆ ಸೇರಿಸುವುದು ಮೋಸದ ಲೆಕ್ಕ.

ಸಮ್ಮೇಳನದಲ್ಲಿ ಪೋಸ್ಟರ್ ಹಾಕಿದೀವಿ. ಈಗ ಪೇಟೆಂಟ್ ಮಾಡಿಸಬಹುದಾ?

ಬಹುತೇಕ ತಡವಾಗಿದೆ. ಬಹಿರಂಗವಾದದ್ದು ಹೊಸತಲ್ಲ, ಕಾನೂನಿನ ರಿಯಾಯಿತಿ ತೀರ ಕಿರಿದು. ಸಂಸ್ಥೆಯ ಪೇಟೆಂಟ್ ವಿಭಾಗಕ್ಕೆ ಅಂದೇ ತಿಳಿಸಿ. ಮುಂದಿನ ಸಲ ಮೊದಲು ತಾತ್ಕಾಲಿಕ ಅರ್ಜಿ ಹಾಕಿ, ಪೂರ್ಣ ಅರ್ಜಿಗೆ 12 ತಿಂಗಳು ಸಿಗುತ್ತದೆ. ರೋಗ ಪತ್ತೆ ಮಾಡುವ ವಿಧಾನಕ್ಕೆ ಭಾರತದಲ್ಲಿ ಪೇಟೆಂಟ್ ಕಾಯ್ದೆಯ 3(i) ಕಲಂ ಅಡಿ ಪೇಟೆಂಟ್ ಇಲ್ಲ. ಕಿಟ್, ಉಪಕರಣ, ಸಂಯೋಜನೆಯ ಕಡೆಗೆ ಯೋಚಿಸಿ.

ಐಟಿ ಕಂಪನಿಗಳ ಸಿಎಸ್‌ಆರ್ ಹಣ ಕೇಳಬಹುದಾ?

ಕೇಳಬಹುದು. 2013ರ ಕಂಪನಿ ಕಾಯ್ದೆಯ ಮಿತಿಗೆ ಬರುವ ಕಂಪನಿ ಹಿಂದಿನ 3 ವರ್ಷದ ಸರಾಸರಿ ಲಾಭದ 2% ಸಿಎಸ್‌ಆರ್‌ಗೆ, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳಿಗೆ, ಇಡಬೇಕು. ಸರ್ಕಾರಿ ವಿಶ್ವವಿದ್ಯಾಲಯ, ರಾಷ್ಟ್ರೀಯ ಪ್ರಯೋಗಾಲಯಗಳ ಸಂಶೋಧನೆಗೆ ಆ ಕಾಯ್ದೆಯ ಏಳನೇ ಪರಿಶಿಷ್ಟದಲ್ಲೇ ಜಾಗವಿದೆ. ಟ್ರಸ್ಟ್‌ಗೆ ಆದಾಯ ತೆರಿಗೆಯ 12ಎ, 80ಜಿ, ಸಿಎಸ್‌ಆರ್-1 ನೋಂದಣಿ ಬೇಕು. ಕಂಪನಿಗಳ ವರ್ಷ ಏಪ್ರಿಲ್‌ಗೆ ಶುರು, ಹಾಗಾಗಿ ಮಾತುಕತೆ ಅದಕ್ಕೂ ಮುಂಚೆ ಆಗಬೇಕು. ಅವರು ಕೇಳುವುದು "ಎಷ್ಟು ಜನಕ್ಕೆ ತಪಾಸಣೆ ಆಯಿತು" ಎಂದು. ಜೀನ್ ಅಭಿವ್ಯಕ್ತಿಯ ಗ್ರಾಫ್ ತೋರಿಸಿದರೆ ಮುಖ ಬಾಡುತ್ತದೆ. ತಪಾಸಣೆ ಶಿಬಿರದ ಜೊತೆ ಹೆಣೆದ ಪೈಲಟ್‌ಗೆ ಇಲ್ಲಿ ದಾರಿ ಸಲೀಸು.

ರಿವ್ಯೂನಲ್ಲಿ "ಟೂ ಆಂಬಿಷಿಯಸ್" ಅಂತ ಬರೆದು ವಾಪಸ್ ಕಳಿಸಿದಾರೆ. ಏನು ಮಾಡ್ಲಿ?

ಉದ್ದೇಶಗಳನ್ನು ಎಣಿಸಿ. ಮೂರಿದ್ದರೆ ಎರಡನ್ನು ತೆಗೆಯಿರಿ, ಇಲಿಗಳ ಪ್ರಯೋಗ ಇದ್ದರೆ ಮೊದಲು ಅದನ್ನು. ಎರಡನೆಯ ಉದ್ದೇಶ ಮೊದಲನೆಯದರ ಫಲಿತಾಂಶದ ಮೇಲೆ ನಿಂತಿದ್ದರೆ ಅದು ಮುಂದಿನ ಅರ್ಜಿಯ ಸರಕು. ಉಳಿದ ಒಂದಕ್ಕೆ ತಿಂಗಳುವಾರು ಪಟ್ಟಿ ಬರೆಯಿರಿ, ನೇಮಕ ಮತ್ತು ಖರೀದಿಗೆ ಮೊದಲ 4 ತಿಂಗಳು ಬಿಟ್ಟು. ಟೀಕೆಯ ಪ್ರತಿ ಸಾಲಿಗೂ ಏನು ಬದಲಿಸಿದಿರಿ, ಯಾವ ಪುಟದಲ್ಲಿ ಎಂದು ಒಂದು ಹಾಳೆಯಲ್ಲಿ ಉತ್ತರಿಸಿ, ಅದನ್ನು ಅರ್ಜಿಯ ಮೇಲೆಯೇ ಇಡಿ.